ಗೋಡೌನ್ ಸ್ಟಾಕ್ ಒಂದು, ಕಂಪ್ಯೂಟರ್ ಸ್ಟಾಕ್ ಇನ್ನೊಂದು: ಖರೀದಿ ಯಾವ ಲೆಕ್ಕ ನಂಬಿ ಮಾಡೋದು?

ಪ್ರಶ್ನೆ | ಅಂಗಡಿ_ಕೌಂಟರ್

ನಮಸ್ಕಾರ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ಅಂಗಡಿ, ಕಾಮಾಕ್ಷಿಪಾಳ್ಯದಲ್ಲಿ ಗೋಡೌನ್. ವೈರ್, ಸ್ವಿಚ್, ಎಂಸಿಬಿ, ಪೈಪು, ಫ್ಯಾನ್ ಎಲ್ಲ ಸೇರಿ ಸುಮಾರು 1,400 ಐಟಂ. ವರ್ಷದ ವಹಿವಾಟು 14 ಕೋಟಿ, ಪಾರ್ಟ್‌ನರ್‌ಶಿಪ್ ಫರ್ಮ್. ಲೆಕ್ಕಕ್ಕೆ ಟ್ಯಾಲಿಪ್ರೈಮ್ ಸಾಫ್ಟ್‌ವೇರ್ ಬಳಸ್ತೀವಿ. ಬಿಲ್ ಆಗೋದು ಅಂಗಡಿಯಲ್ಲಿ, ಮಾಲು ಹೋಗೋದು ಗೋಡೌನಿನಿಂದ. ಬಂದ ಮಾಲನ್ನ ಗೋಡೌನಿನವರು ಪುಸ್ತಕದಲ್ಲಿ ಬರೆದು ಸಂಜೆ ವಾಟ್ಸಾಪ್‌ನಲ್ಲಿ ಫೋಟೋ ಹಾಕ್ತಾರೆ, ಮಾರನೇ ದಿನ ಅಂಗಡಿಯಲ್ಲಿ ಎಂಟ್ರಿ.

ತೊಂದರೆ ಎರಡು. ಕಂಪ್ಯೂಟರ್‌ನಲ್ಲಿ 40 ಕಾಯಿಲ್ (ಸುತ್ತಿಟ್ಟ ವೈರ್ ಕಟ್ಟು) ಇದೆ ಅಂತ ನೋಡಿ ಆರ್ಡರ್ ಒಪ್ಪಿಕೊಂಡರೆ ಗೋಡೌನಿನಲ್ಲಿ 26 ಇರುತ್ತೆ; ಇನ್ನೊಂದು ಐಟಂನಲ್ಲಿ ಉಲ್ಟಾ. ಎರಡನೇದು, ಏನು ತರಿಸಬೇಕು ಅನ್ನೋದನ್ನ ಇವತ್ತಿಗೂ ಯಜಮಾನರು ಅಂದಾಜಿನ ಮೇಲೇ ಹೇಳ್ತಾರೆ. ಓಡೋ ವೈರ್ ಖಾಲಿ, ಓಡದ ಫ್ಯಾನ್ಸಿ ಸ್ವಿಚ್ ರಾಶಿ.

ಒಬ್ಬರು ಬಂದು ಡ್ಯಾಶ್‌ಬೋರ್ಡ್ ಮಾಡಿಕೊಡ್ತೀವಿ, ಎಲ್ಲ ಗ್ರಾಫೂ ಯಜಮಾನರ ಮೊಬೈಲಿಗೇ ಬರುತ್ತೆ ಅಂತಿದಾರೆ. ಇನ್ನೊಬ್ಬರು ಟ್ಯಾಲಿ ಬಿಟ್ಟು ಇಆರ್‌ಪಿಗೆ (ಖರೀದಿ, ಸ್ಟಾಕ್, ಮಾರಾಟ, ಲೆಕ್ಕ ಎಲ್ಲ ಒಂದೇ ಕಡೆ ನಡೆಸೋ ದೊಡ್ಡ ಸಾಫ್ಟ್‌ವೇರ್) ಹೋಗಿ ಅಂತಾರೆ. ಯಾವುದಕ್ಕೆ ದುಡ್ಡು ಹಾಕೋದು ಸರಿ? ಮೊದಲು ಏನು ಮಾಡಬೇಕು?

ಉತ್ತರ 1 | ಉಗ್ರಾಣ_ಲೆಕ್ಕ

ಸರ್, ಸದ್ಯಕ್ಕೆ ಎರಡಕ್ಕೂ ದುಡ್ಡು ಹಾಕಬೇಡಿ. ಡ್ಯಾಶ್‌ಬೋರ್ಡ್ ಓದೋದು ಇದೇ ಟ್ಯಾಲಿ ಡೇಟಾವನ್ನ. ಅಲ್ಲಿ 40 ಅಂತಿದ್ದರೆ ಮೊಬೈಲಲ್ಲೂ 40 ಅಂತಲೇ ಬರುತ್ತೆ.

ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಮಾಲು ಒಳಗೆ ಬಂದ ಹೊತ್ತಿಗೂ ಎಂಟ್ರಿ ಬಿದ್ದ ಹೊತ್ತಿಗೂ ನಡುವೆ ಒಂದು ದಿನ ಇದೆ. ನೋಡಿದವರು ಒಬ್ಬರು, ಟೈಪ್ ಮಾಡೋರು ಇನ್ನೊಬ್ಬರು. ಈ ಒಂದು ದಿನದಲ್ಲಿ ಕಂಪ್ಯೂಟರ್ ಪ್ರಕಾರ ಇಲ್ಲದ ಮಾಲು ಮಾರಾಟ ಆಗುತ್ತೆ, ಮೈನಸ್ ಸ್ಟಾಕ್ ಬರುತ್ತೆ. ಟ್ಯಾಲಿಯಲ್ಲಿ ನೆಗೆಟಿವ್ ಸ್ಟಾಕ್ ರಿಪೋರ್ಟ್ ಇದೆ, ಇವತ್ತು ಸಂಜೆಯೇ ತೆಗೆದು ನೋಡಿ. ಅದರಲ್ಲಿರೋ ಒಂದೊಂದು ಸಾಲೂ ಎಂಟ್ರಿ ತಡವಾದ, ತಪ್ಪಿಹೋದ ಅಥವಾ ಬೇರೆ ಐಟಂ ಹೆಸರಲ್ಲಿ ಬಿದ್ದ ಜಾಗ. ದಿನಾ ಸಂಜೆ ಅಂಗಡಿ ಮುಚ್ಚೋ ಮುಂಚೆ ಅದನ್ನ ಸೊನ್ನೆಗೆ ತರೋದೇ ಮೊದಲ ಕೆಲಸ.

ಒಳಬರುವ ಮಾಲು: ಗೋಡೌನಿನಲ್ಲಿ ಒಂದು ಕಂಪ್ಯೂಟರ್ ಇಡಿ. ಲಾರಿ ಇಳಿಸಿ ಎಣಿಸಿದ ಕೂಡಲೇ ಅಲ್ಲೇ ರಿಸೀಟ್ ನೋಟ್ (ಮಾಲು ಬಂತು ಅನ್ನೋ ಎಂಟ್ರಿ) ಹಾಕಲಿ. ಬರೀ ಪ್ರಮಾಣ ಸಾಕು, ರೇಟು ಬೇಡ. ಪಾರ್ಟಿ ಬಿಲ್ ಬಂದ ಮೇಲೆ ಅಂಗಡಿಯಲ್ಲಿ ಪರ್ಚೇಸ್ ಹಾಕುವಾಗ ಆ ರಿಸೀಟ್ ನೋಟಿನ ಟ್ರ್ಯಾಕಿಂಗ್ ನಂಬರನ್ನೇ ಆರಿಸಬೇಕು. ಅದನ್ನ ಬಿಟ್ಟು ನೇರವಾಗಿ ಪರ್ಚೇಸ್ ಹಾಕಿದರೆ ಅದೇ ಮಾಲು ಎರಡು ಸಲ ಸ್ಟಾಕಿಗೆ ಸೇರುತ್ತೆ. ಕಂಪ್ಯೂಟರ್‌ನಲ್ಲಿ ಹೆಚ್ಚು, ಗೋಡೌನಿನಲ್ಲಿ ಕಡಿಮೆ ಅನ್ನೋ ಐಟಂಗಳಲ್ಲಿ ಮೊದಲು ಹುಡುಕಬೇಕಾದ ತಪ್ಪು ಇದು. ಪರ್ಚೇಸ್ ಬಿಲ್ಸ್ ಪೆಂಡಿಂಗ್ ರಿಪೋರ್ಟ್‌ನಲ್ಲಿ ಹಳೇ ರಿಸೀಟ್ ನೋಟುಗಳು ಹಾಗೇ ಕೂತಿದ್ದರೆ ಡಬಲ್ ಆಗಿದೆ ಅಂತಲೇ ಅನುಮಾನಿಸಿ.

ಹೊರಹೋಗುವ ಮಾಲು ಇದಕ್ಕಿಂತ ಮುಖ್ಯ. ಈಗ ನೀವು ಬಿಲ್ ಮಾಡಿ ಆಮೇಲೆ ಮಾಲು ತೆಗೆಸ್ತೀರಿ. ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಬಿಲ್ಲನ್ನ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸೋದು) ಕಡ್ಡಾಯ. ಪೋರ್ಟಲ್‌ನಲ್ಲಿ ಅದನ್ನ ರದ್ದು ಮಾಡೋಕೆ ಸಿಗೋದು 24 ಗಂಟೆ ಮಾತ್ರ. 40 ಕಾಯಿಲ್‌ಗೆ ಬಿಲ್ ಮಾಡಿ, ಗೋಡೌನಿನಲ್ಲಿ 26 ಸಿಕ್ಕಿ, ಅದು ಎರಡು ದಿನ ಬಿಟ್ಟು ಗೊತ್ತಾದರೆ ಸಾಮಾನ್ಯವಾಗಿ ಉಳಿಯೋ ದಾರಿ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಇಳಿಸೋ ಚೀಟಿ). ಆ ಕ್ರೆಡಿಟ್ ನೋಟನ್ನ ಮಾಲು ವಾಪಸ್ ಬಂತು ಅಂತ ಹಾಕಿದರೆ, ಗೋಡೌನಿನಲ್ಲಿ ಇಲ್ಲದ ಬಾಕಿ 14 ಕಾಯಿಲ್ ಕಂಪ್ಯೂಟರ್‌ನಲ್ಲಿ ಮತ್ತೆ ಹುಟ್ಟಿಕೊಳ್ಳುತ್ತೆ. ಕ್ರಮ ತಿರುಗಿಸಿ: ಆರ್ಡರ್ ಬಂದಾಗ ಸೇಲ್ಸ್ ಆರ್ಡರ್, ಗೋಡೌನಿಗೆ ಅದರ ಪಟ್ಟಿ, ಅವರು ಮಾಲು ತೆಗೆದಿಟ್ಟು ಸಿಕ್ಕಿದ ಪ್ರಮಾಣ ಖಚಿತ ಮಾಡಿದ ಮೇಲೆ ಬಿಲ್. ಗಾಡಿ ಲೋಡ್ ಆಗೋ ಹೊತ್ತಿಗೆ ಬಿಲ್ಲೂ ಇ-ವೇ ಬಿಲ್ಲೂ ರೆಡಿ ಇರಬೇಕು, ಅಷ್ಟೇ. ಶುರುವಿನಲ್ಲಿ ಕೌಂಟರ್‌ನವರು ನಿಧಾನ ಆಯ್ತು ಅಂತಾರೆ. ಆದರೂ ಈ ಒಂದು ಬದಲಾವಣೆಯನ್ನ ಬಿಡಬೇಡಿ.

ವೈರ್ ವಿಷಯದಲ್ಲಿ ಯೂನಿಟ್ ನೋಡಿ. 90 ಮೀಟರ್ ಕಾಯಿಲ್ ಕಾಯಿಲ್‌ನಲ್ಲೇ ಬಂದು, ಕೌಂಟರ್‌ನಲ್ಲಿ 35 ಮೀಟರ್ ಕತ್ತರಿಸಿ ಕೊಟ್ಟರೆ ಅದನ್ನ ಯಾವ ಯೂನಿಟ್‌ನಲ್ಲಿ ಬಿಲ್ ಮಾಡ್ತೀರಿ? "0.39 ಕಾಯಿಲ್" ಅಂತ ಹಾಕೋರೂ ಇದ್ದಾರೆ, ಒಂದು ಕಾಯಿಲ್ ಅಂತ ಹಾಕಿ ಮಿಕ್ಕಿದ್ದು ಬಿಡೋರೂ ಇದ್ದಾರೆ. ಬಿಡಿ ವೈರಿಗೆ ಮೀಟರ್ ಲೆಕ್ಕದ ಬೇರೆಯೇ ಐಟಂ ಮಾಡಿ. ಕಾಯಿಲ್ ಬಿಚ್ಚಿದ ದಿನ ಸ್ಟಾಕ್ ಜರ್ನಲ್‌ನಲ್ಲಿ (ಸ್ಟಾಕ್ ಬದಲಾವಣೆಯ ಎಂಟ್ರಿ) 1 ಕಾಯಿಲ್ ಹೊರಗೆ, 90 ಮೀಟರ್ ಒಳಗೆ. ಗೋಡೌನಿನಿಂದ ಅಂಗಡಿಗೆ ತಂದ ಮಾಲಿಗೂ ಗೋಡೌನ್ ಬದಲಾವಣೆ ಎಂಟ್ರಿ ಆಗಲೇಬೇಕು. ಜೊತೆಗೆ ಗಾಡಿಯಲ್ಲಿ ಡೆಲಿವರಿ ಚಲನ್ ಇರಲಿ, ಗೋಡೌನ್ ವಿಳಾಸ ನಿಮ್ಮ ಜಿಎಸ್‌ಟಿ ನೋಂದಣಿಯಲ್ಲಿ ಹೆಚ್ಚುವರಿ ಜಾಗ ಅಂತ ಸೇರಿರಲಿ.

ಇನ್ನು ಐಟಂ ಹೆಸರು. "1.5 ಕೆಂಪು ವೈರ್" ಒಂದು ಕಡೆ, "ವೈರ್ ರೆಡ್ 1.5 90 ಮೀ" ಇನ್ನೊಂದು ಕಡೆ ಇದ್ದರೆ ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್. ನೀವು ಉಲ್ಟಾ ಅಂದಿದ್ದು ಇದೇ ಇರಬಹುದು. ಬ್ರ್ಯಾಂಡ್, ಬಗೆ, ಅಳತೆ, ಬಣ್ಣ, ಪ್ಯಾಕ್ ಅಂತ ಒಂದೇ ಕ್ರಮದಲ್ಲಿ ಹೆಸರಿಡಿ. ಹೊಸ ಐಟಂ ತೆರೆಯೋ ಹಕ್ಕು ಒಬ್ಬರಿಗೆ ಮಾತ್ರ ಇರಲಿ.

ಉತ್ತರ 2 | ಪೀಣ್ಯ_ಪ್ಲಾನಿಂಗ್

ಸ್ಟಾಕ್ ಸರಿಹೋಗುವ ಮಾತನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಖರೀದಿ ಲೆಕ್ಕಕ್ಕೆ ಬರ್ತೀನಿ. ಒಂದು ಐಟಂ ತಗೊಂಡು ಅಂಕಿ ಹಾಕಿ ತೋರಿಸಿದರೆ ಯಜಮಾನರಿಗೂ ಹೇಳೋದು ಸುಲಭ. 1.5 ಚದರ ಮಿ.ಮೀ. ಕೆಂಪು ವೈರ್, 90 ಮೀಟರ್ ಕಾಯಿಲ್ ಅಂತಿಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗೆ.

ತಿಂಗಳಲ್ಲಿ 26 ಕೆಲಸದ ದಿನ, ಮಾರಿದ್ದು 240 ಕಾಯಿಲ್. 240 ಭಾಗಿಸು 26, ದಿನಕ್ಕೆ 9.2 ಅಂತ ಬರುತ್ತೆ. ಇದು ತಪ್ಪು ಸರಾಸರಿ. ಆ ತಿಂಗಳಲ್ಲಿ 6 ದಿನ ಮಾಲೇ ಇರಲಿಲ್ಲ ಅಂದರೆ ಮಾರಾಟ ನಡೆದದ್ದು 20 ದಿನ, ನಿಜವಾದ ಬೇಡಿಕೆ ದಿನಕ್ಕೆ 12. ಖಾಲಿ ಇದ್ದ ದಿನಗಳನ್ನು ಸೇರಿಸಿ ಭಾಗಿಸಿದರೆ ಸಿಸ್ಟಂ ಪ್ರತಿ ತಿಂಗಳೂ ಇನ್ನಷ್ಟು ಕಡಿಮೆ ತರಿಸಿ ಅನ್ನುತ್ತೆ, ಮತ್ತೆ ಖಾಲಿ ಆಗುತ್ತೆ, ಸರಾಸರಿ ಇನ್ನೂ ಇಳಿಯುತ್ತೆ. ಚೆನ್ನಾಗಿ ಓಡುವ ಐಟಂಗಳೇ ಹೀಗೆ ಸೊರಗೋದು. ಹಾಗೆಯೇ ಬಿಲ್ಡರ್ ಒಬ್ಬರು ಒಂದೇ ಸಲ ತಗೊಂಡ 150 ಕಾಯಿಲ್‌ನಂಥದ್ದನ್ನು ಸರಾಸರಿಯಿಂದ ತೆಗೆದಿಡಿ. ಅಂಥ ಆರ್ಡರಿಗೆ ಬೇರೆಯಾಗಿಯೇ ತರಿಸಬೇಕು.

ಈಗ ಕಂಪನಿಗೆ ಆರ್ಡರ್ ಕೊಟ್ಟ ಮೇಲೆ ಮಾಲು ಗೋಡೌನ್ ಸೇರೋಕೆ ಸರಾಸರಿ 6 ಕೆಲಸದ ದಿನ. ಆ 6 ದಿನಕ್ಕೆ ಬೇಕಾದದ್ದು 12 × 6 = 72 ಕಾಯಿಲ್. ಮಾರಾಟ ದಿನದಿಂದ ದಿನಕ್ಕೆ ಏರಿಳಿಯೋದರಿಂದ ಮೇಲೆ ಒಂದಿಷ್ಟು ಕಾಪು ದಾಸ್ತಾನು (ಸೇಫ್ಟಿ ಸ್ಟಾಕ್) ಬೇಕು. ದಿನದ ಮಾರಾಟದ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 5 ಕಾಯಿಲ್ ಅಂದುಕೊಳ್ಳಿ. ಎಕ್ಸೆಲ್‌ನಲ್ಲಿ ದಿನದ ಮಾರಾಟದ ಸಾಲಿಗೆ ಒಂದು ಫಾರ್ಮುಲಾ ಹಾಕಿದರೆ ಇದು ಬರುತ್ತೆ. ನೂರು ಸಲ ತರಿಸಿದರೆ ತೊಂಬತ್ತೈದು ಸಲ ಖಾಲಿ ಆಗಬಾರದು ಅಂದರೆ 1.65ರಿಂದ ಗುಣಿಸಬೇಕು: 1.65 × 5 × √6, ಸುಮಾರು 20.2, ಮೇಲಕ್ಕೆ ಹಿಡಿದರೆ 21. ಒಟ್ಟು 93 ಇದ್ದಾಗ ಆರ್ಡರ್.

ಬಹಳ ಜನ ಇಲ್ಲಿಗೇ ನಿಲ್ಲಿಸ್ತಾರೆ, ಆಮೇಲೆ ಲೆಕ್ಕ ಹಾಕಿದರೂ ಖಾಲಿ ಆಯ್ತಲ್ಲ ಅಂತಾರೆ. ಮಾಲು ಬರುವ ದಿನವೂ ಏರಿಳಿಯುತ್ತೆ: ಒಮ್ಮೆ 4 ದಿನ, ಒಮ್ಮೆ 9 ದಿನ. ಆ ಏರಿಳಿತ 2 ದಿನ ಅಂತ ಹಿಡಿದು ಎರಡನ್ನೂ ಕೂಡಿಸಿ:

(6 × 5 × 5) + (12 × 12 × 2 × 2) = 150 + 576 = 726
726ರ ವರ್ಗಮೂಲ ಸುಮಾರು 26.9, × 1.65 = ಸುಮಾರು 45

ಕಾಪು ದಾಸ್ತಾನು 21 ಇದ್ದದ್ದು 45 ಆಯ್ತು, ಆರ್ಡರ್ ಮಟ್ಟ 117. ಆ 150 ಗಿರಾಕಿಗಳಿಂದ ಬಂದದ್ದು, 576 ಸಪ್ಲೈ ಕಡೆಯಿಂದ ಬಂದದ್ದು. ಅಂದರೆ ಈ ಐಟಂನಲ್ಲಿ ನಿಮ್ಮ ದುಡ್ಡು ಗೋಡೌನಿನಲ್ಲಿ ಕೂತಿರೋದಕ್ಕೆ ದೊಡ್ಡ ಕಾರಣ ಮಾಲು ಹೇಳಿದ ದಿನ ಬರದೇ ಇರೋದು. ಏರಿಳಿತವನ್ನು 2 ದಿನದಿಂದ 1 ದಿನಕ್ಕೆ ಇಳಿಸಿದರೆ 150 + 144 = 294, ಕಾಪು 29 ಸಾಕು. ಇದಕ್ಕೆ ಬೇಕಾದ ಮಾಹಿತಿ ಎರಡೇ: ಪರ್ಚೇಸ್ ಆರ್ಡರ್ ಹಾಕಿದ ತಾರೀಕು, ರಿಸೀಟ್ ನೋಟಿನ ತಾರೀಕು. ಆರ್ಡರ್ ಫೋನಲ್ಲಿ ಹೇಳಿ ಎಂಟ್ರಿ ಬಿಟ್ಟರೆ, ಅಥವಾ ರಿಸೀಟ್ ಮಾರನೇ ದಿನ ಹಾಕಿದರೆ, ಈ ಲೆಕ್ಕ ಹುಟ್ಟೋದೇ ಇಲ್ಲ. ಕಂಪನಿಯವರ ಜೊತೆ ಮಾತಾಡುವಾಗಲೂ "ಲೇಟ್ ಮಾಡ್ತೀರಿ" ಅನ್ನೋದಕ್ಕಿಂತ ಹಿಂದಿನ 15 ಆರ್ಡರ್‌ಗಳ ತಾರೀಕಿನ ಪಟ್ಟಿ ಮುಂದಿಡೋದು ಕೆಲಸ ಮಾಡುತ್ತೆ.

ಈ ಮಟ್ಟಗಳನ್ನು ಟ್ಯಾಲಿಯಲ್ಲೇ ರೀಆರ್ಡರ್ ಲೆವೆಲ್ ಆಗಿ ಹಾಕಬಹುದು. ರೀಆರ್ಡರ್ ಸ್ಟೇಟಸ್ ರಿಪೋರ್ಟ್ ಕೈಲಿರೋ ಸ್ಟಾಕಿಗೆ ಬರಬೇಕಾದ ಆರ್ಡರ್ ಕೂಡಿಸಿ, ಕೊಡಬೇಕಾದ ಆರ್ಡರ್ ಕಳೆದು ತೋರಿಸುತ್ತೆ. ಇಲ್ಲೊಂದು ಗುಂಡಿ ಇದೆ. 100 ಕಾಯಿಲ್ ಆರ್ಡರಿಗೆ 80 ಬಂದು, ಮಿಕ್ಕ 20 ಇನ್ನು ಬರೋದಿಲ್ಲ ಅಂತಾದ ಮೇಲೂ ಆರ್ಡರ್ ಮುಚ್ಚದಿದ್ದರೆ ಆ 20 ಸದಾ "ಬರ್ತಿದೆ" ಅಂತಲೇ ಲೆಕ್ಕಕ್ಕೆ ಸೇರುತ್ತೆ, ತರಿಸೋ ಅಗತ್ಯ ಇಲ್ಲ ಅಂತ ರಿಪೋರ್ಟ್ ಹೇಳುತ್ತೆ. ಹಳೇ ಆರ್ಡರ್‌ಗಳನ್ನು ಪ್ರೀ-ಕ್ಲೋಸ್ ಮಾಡ್ತಾ ಇರಿ.

1,400 ಐಟಂಗೂ ಈ ಫಾರ್ಮುಲಾ ಹಾಕೋಕೆ ಹೋಗಬೇಡಿ. ಮಾರಾಟದ ಮೌಲ್ಯದಲ್ಲಿ ಮೇಲಿನ 140ಕ್ಕೆ ಸಾಕು. ಕೆಳಗಿನ ಒಂಬೈನೂರಕ್ಕೆ ಎರಡು ಡಬ್ಬದ ಪದ್ಧತಿ ಇಡಿ: ಒಂದು ಡಬ್ಬ ಖಾಲಿಯಾದ ದಿನ ಚೀಟಿ ಅಂಗಡಿಗೆ.

ಅಂಗಡಿ_ಕೌಂಟರ್

ತುಂಬಾ ಉಪಕಾರ ಆಯ್ತು ಸರ್. ಎರಡು ಡೌಟ್. ಕ್ವಾರ್ಟರ್ ಕೊನೆಗೆ ಕಂಪನಿಯವರು ಮೂರು ತಿಂಗಳ ಮಾಲು ಒಟ್ಟಿಗೆ ಎತ್ತಿದರೆ 2% ಹೆಚ್ಚುವರಿ ಸ್ಕೀಂ ಅಂತಾರೆ, ಯಜಮಾನರು ಎತ್ತಿಬಿಡ್ತಾರೆ. ಇದು ಲಾಭವೋ ನಷ್ಟವೋ ಸಿಸ್ಟಂನಲ್ಲಿ ಕಾಣೋದು ಹೇಗೆ? ಫ್ಯಾನ್ಸಿ ಸ್ವಿಚ್ಚಿನಲ್ಲಿ ಮಾರ್ಜಿನ್ 22% ಇದೆ ಅಂತ ಅದನ್ನ ಬಿಡೋಕೂ ಅವರು ಒಪ್ಪೋದಿಲ್ಲ.

ಉತ್ತರ 3 | ಜಮಾಖರ್ಚು_ಮೇಡಂ

ಎರಡಕ್ಕೂ ಒಂದೇ ಮದ್ದು: ಮಾರ್ಜಿನ್ ಪಕ್ಕದಲ್ಲಿ ದಿನ ಬರೆಯಿರಿ.

ಸ್ಕೀಂ ಮೊದಲು. ಮೂರು ತಿಂಗಳ ಮಾಲು ಒಟ್ಟಿಗೆ ಬಂದು ಸಮನಾಗಿ ಖರ್ಚಾದರೆ ಒಂದೊಂದು ಕಾಯಿಲ್ ಸರಾಸರಿ 45 ದಿನ ಗೋಡೌನಿನಲ್ಲಿ ಕೂರುತ್ತೆ. ಬ್ಯಾಂಕ್ ಓವರ್‌ಡ್ರಾಫ್ಟ್ (ಓಡಿ) ಬಡ್ಡಿ ವರ್ಷಕ್ಕೆ 12% ಅಂದರೆ ತಿಂಗಳಿಗೆ 1%, ಒಂದೂವರೆ ತಿಂಗಳಿಗೆ 1.5%. 2% ಸ್ಕೀಂನಲ್ಲಿ ಉಳಿದದ್ದು ಅರ್ಧ ಪರ್ಸೆಂಟ್, ಅದೂ ಜಾಗ, ಹಮಾಲಿ, ಒಡೆದದ್ದು ಕಳೆಯುವ ಮುಂಚೆ. ವೈರಿನಲ್ಲಿ ತಾಮ್ರದ ಬೆಲೆ ಏರಿ ಹೊಸ ರೇಟ್ ಲಿಸ್ಟ್ ಬಂದರೆ ಎತ್ತಿಟ್ಟದ್ದು ಲಾಭವೇ, ಇಳಿದರೆ ಅಷ್ಟೂ ಮಾಲಿನ ಮೇಲೆ ನಷ್ಟ. ಆದ್ದರಿಂದ ಸ್ಕೀಂಗೆ ಎತ್ತುವ ಮಾಲು ಓಡುವ 140ರ ಒಳಗಿನದ್ದೇ ಆಗಿರಲಿ, ಎರಡು ತಿಂಗಳಿಗಿಂತ ಹೆಚ್ಚಿನದು ಬೇಡ. ಸ್ಕೀಂ ದುಡ್ಡು ಆಮೇಲೆ ಕ್ರೆಡಿಟ್ ನೋಟಾಗಿ ಬಂದರೆ ಅದು ಐಟಂ ಖರೀದಿ ಬೆಲೆಗೆ ತಾನಾಗಿ ಇಳಿಯೋದಿಲ್ಲ ಅನ್ನೋದೂ ನೆನಪಿರಲಿ. ಐಟಂವಾರು ಲಾಭದ ರಿಪೋರ್ಟ್ ನೋಡಿ ಬೆಲೆ ನಿಗದಿ ಮಾಡುವವರು ಇದನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.

ಫ್ಯಾನ್ಸಿ ಸ್ವಿಚ್. ಒಂದು ಲಕ್ಷದ ಮಾಲು 10 ತಿಂಗಳು ಕೂತರೆ ವರ್ಷಕ್ಕೆ 1.2 ಸಲ ತಿರುಗಿತು. ಅಸಲಿನ ಮೇಲೆ 22% ಅಂದರೆ ವರ್ಷಕ್ಕೆ 26,400. ಅದೇ ಒಂದು ಲಕ್ಷ ವೈರಿನಲ್ಲಿ ತಿಂಗಳಿಗೊಮ್ಮೆ ತಿರುಗಿದರೆ, ಬರೀ 5% ಮಾರ್ಜಿನ್ನಲ್ಲೂ 60,000. ಯಜಮಾನರಿಗೆ ಈ ಎರಡು ಸಾಲನ್ನು ಕಾಗದದ ಮೇಲೆ ಬರೆದು ತೋರಿಸಿ, ಗ್ರಾಫ್ ಬೇಡ. ಗಿರಾಕಿ ವೈರಿನ ಜೊತೆ ಸ್ವಿಚ್ಚೂ ಇಲ್ಲೇ ಸಿಗಲಿ ಅಂತ ಬರೋದರಿಂದ ಪೂರ್ತಿ ಬಿಡೋಕಾಗಲ್ಲ, ನಿಜ. ಆದರೆ 40 ಡಿಸೈನ್ ಇಡೋ ಬದಲು ಓಡೋ 12 ಇಟ್ಟು, ಮಿಕ್ಕಿದ್ದು ಆರ್ಡರ್ ಬಂದಾಗ ತರಿಸಿ. 180 ದಿನ ದಾಟಿದ ಸ್ಟಾಕಿನ ಪಟ್ಟಿಯನ್ನು ಸ್ಟಾಕ್ ಏಜಿಂಗ್ (ಮಾಲು ಎಷ್ಟು ದಿನದಿಂದ ಕೂತಿದೆ ಅನ್ನೋ) ರಿಪೋರ್ಟ್‌ನಲ್ಲಿ ತಿಂಗಳಿಗೊಮ್ಮೆ ತೆಗೆಯಿರಿ.

ನೀವು ಕೇಳದೇ ಇದ್ದರೂ ಬಾಕಿ ವಸೂಲಿ ಬಗ್ಗೆ ಹೇಳಲೇಬೇಕು, ಹೋಲ್‌ಸೇಲಿನಲ್ಲಿ ಸ್ಟಾಕಿಗಿಂತ ದೊಡ್ಡ ದುಡ್ಡು ಅಲ್ಲೇ ಇರುತ್ತೆ. 6% ಮಾರ್ಜಿನ್ನಿನ ಮಾಲನ್ನು 30 ದಿನದ ಉದ್ದರಿಗೆ ಕೊಟ್ಟು, ಹಣ 90 ದಿನಕ್ಕೆ ಬಂದರೆ ಹೆಚ್ಚಿನ 60 ದಿನದ ಬಡ್ಡಿಗೆ 2% ಹೋಯಿತು, ಲಾಭದ ಮೂರನೇ ಒಂದು ಪಾಲು. ಇದು ಏಜಿಂಗ್ ರಿಪೋರ್ಟ್‌ನಲ್ಲಿ ಕಾಣಬೇಕಾದರೆ ಬಂದ ಹಣವನ್ನು ಬಿಲ್ ನಂಬರಿಗೆ ಸೇರಿಸಿ ಜಮಾ ಮಾಡಬೇಕು. "ಆನ್ ಅಕೌಂಟ್" ಅಂತ ಹಾಕಿಬಿಟ್ಟರೆ ಒಟ್ಟು ಬಾಕಿ ಸರಿಯಾಗಿರುತ್ತೆ, ಆದರೆ ತೀರಿದ ಬಿಲ್ಲೂ 120 ದಿನ ಹಳೇದು ಅಂತ ತೋರಿಸುತ್ತೆ. ಒಳ್ಳೇ ಗಿರಾಕಿಗೆ ಫೋನ್ ಮಾಡಿ ಮುಖ ಕೆಡಿಸಿಕೊಳ್ಳೋದು ಹೀಗೇ. ಆಮೇಲೆ ಒಂದು ನಿಯಮ: ಯಾವುದಾದರೂ ಬಿಲ್ 60 ದಿನ ದಾಟಿದ್ದರೆ ಹೊಸ ಆರ್ಡರ್ ಯಜಮಾನರ ಒಪ್ಪಿಗೆ ಇಲ್ಲದೆ ಗೋಡೌನಿಗೆ ಹೋಗಬಾರದು.

ಇನ್ನೊಂದು. ನಿಮ್ಮ ವಹಿವಾಟು 10 ಕೋಟಿಗಿಂತ ಮೇಲಿರೋದರಿಂದ 2025ರ ಏಪ್ರಿಲ್ 1ರಿಂದ ಇನ್‌ವಾಯ್ಸ್ ತಾರೀಕಿನಿಂದ 30 ದಿನದೊಳಗೆ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಹೋಗಲೇಬೇಕು. ಕ್ರೆಡಿಟ್ ನೋಟಿಗೂ ಇದೇ ಗಡುವು. ಹಿಂದಿನ ತಾರೀಕು ಹಾಕಿ ಬಿಲ್ ಮಾಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ಉತ್ತರ 4 | ಸರ್ವರ್_ರೂಂ

ಉಗ್ರಾಣ_ಲೆಕ್ಕ ಅವರ ಮಾತಿಗೆ ಸ್ವಲ್ಪ ತಿದ್ದುಪಡಿ. ದುಡ್ಡೇ ಹಾಕಬೇಡಿ ಅನ್ನೋದು ಸರಿಯಲ್ಲ, ಹಾಕೋ ಜಾಗ ಬೇರೆ. ಗೋಡೌನಿನವರು ಅಲ್ಲೇ ಎಂಟ್ರಿ ಮಾಡಬೇಕು ಅಂದರೆ ಒಂದೇ ಡೇಟಾದಲ್ಲಿ ಇಬ್ಬರೂ ಕೆಲಸ ಮಾಡಬೇಕು. ಟ್ಯಾಲಿಪ್ರೈಮ್ ಸಿಲ್ವರ್ ಲೈಸೆನ್ಸ್ ಒಬ್ಬರಿಗೆ ಮಾತ್ರ, ಅದಿದ್ದರೆ ಹಲವರು ಬಳಸಬಹುದಾದ ಗೋಲ್ಡ್ ತಗೊಳ್ಳಿ. ಡೇಟಾ ಅಂಗಡಿಯ ಒಂದು ಮೆಷಿನ್‌ನಲ್ಲಿ ಇರಲಿ, ಗೋಡೌನಿನವರು ರಿಮೋಟ್ ಮೂಲಕ ಅದರೊಳಗೇ ಬರಲಿ. ಎರಡು ಕಡೆ ಎರಡು ಕಾಪಿ ಇಟ್ಟು ರಾತ್ರಿ ಸೇರಿಸುವ ದಾರಿ ಬೇಡ, ಮತ್ತೆ ಅದೇ ಒಂದು ದಿನದ ಅಂತರ ಬರುತ್ತೆ. ಎರಡೂ ಕಡೆ ಯುಪಿಎಸ್, ಬೇರೆ ಬೇರೆ ಕಂಪನಿಯ ಎರಡು ಇಂಟರ್ನೆಟ್ ಲೈನ್. ಎಂಟ್ರಿ ಮಧ್ಯೆ ಕರೆಂಟ್ ಹೋದರೆ ಡೇಟಾ ಫೈಲ್ ಕೆಡಬಹುದು. ಬ್ಯಾಕಪ್ ದಿನಾ ಆಗಲಿ, ತಿಂಗಳಿಗೊಮ್ಮೆ ಅದನ್ನ ಬೇರೆ ಫೋಲ್ಡರಿಗೆ ರಿಸ್ಟೋರ್ ಮಾಡಿ ತೆರೆದು ನೋಡಿ. ರಿಸ್ಟೋರ್ ಆಗದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಯೂಸರ್ ಹಕ್ಕುಗಳಲ್ಲಿ ಹಿಂದಿನ ತಾರೀಕಿನ ಎಂಟ್ರಿಗೆ ಎಷ್ಟು ದಿನ ಅವಕಾಶ ಅಂತ ಮಿತಿ ಹಾಕಬಹುದು. 2 ದಿನ ಇಡಿ. ಎಡಿಟ್ ಲಾಗ್ (ಯಾವ ಎಂಟ್ರಿ ಯಾರು ಯಾವಾಗ ಬದಲಾಯಿಸಿದರು ಅನ್ನೋ ದಾಖಲೆ) ಇರೋ ಆವೃತ್ತಿ ಬಳಸಿ. 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ ಆಗಿರೋದು ಕಂಪನಿಗಳಿಗೆ, ನಿಮ್ಮಂಥ ಪಾರ್ಟ್‌ನರ್‌ಶಿಪ್‌ಗೆ ಅಲ್ಲ. ಆದರೂ ಮೊನ್ನೆ ಇದ್ದ ಸ್ಟಾಕ್ ಇವತ್ತು ಯಾಕೆ ಬದಲಾಯ್ತು ಅನ್ನೋದಕ್ಕೆ ಉತ್ತರ ಸಿಗೋದು ಅಲ್ಲೇ.

ಇಆರ್‌ಪಿ ಯಾವಾಗ ಬೇಕು? ಮೂರನೇ ಗೋಡೌನ್ ಬಂದಾಗ, ರ‍್ಯಾಕ್‌ವಾರು ಜಾಗ ಹೇಳುವ ಪಿಕಿಂಗ್ ಪಟ್ಟಿ ಬೇಕಾದಾಗ, ಸೇಲ್ಸ್‌ನವರು ಫೋನಿನಿಂದಲೇ ಆರ್ಡರ್ ಹಾಕಿ ಒಪ್ಪಿಗೆ ತಾನಾಗಿ ಸಾಗಬೇಕು ಅಂದಾಗ. ಆಗಲೂ ಐಟಂ ಪಟ್ಟಿ ಶುದ್ಧ ಆಗಿರಬೇಕು, ಬದಲಾಯಿಸುವ ಹಿಂದಿನ ರಾತ್ರಿ ಎಣಿಕೆ ಆಗಿರಬೇಕು, ಹಳೇ ಐದು ವರ್ಷದ ವೋಚರ್ ಬಿಟ್ಟು ತೀರದ ಬಿಲ್ಲುಗಳನ್ನ ಮಾತ್ರ ಸಾಗಿಸಬೇಕು. ಏಪ್ರಿಲ್ 1ಕ್ಕೆ ಬದಲಾಯಿಸೋಣ ಅಂತ ಎಲ್ಲರೂ ಅಂತಾರೆ. ವರ್ಷಾಂತ್ಯದ ಗಡಿಬಿಡಿಯಲ್ಲಿ ಅದು ಎಲ್ಲಕ್ಕಿಂತ ಕೆಟ್ಟ ದಿನ, ಜುಲೈ ಮೊದಲ ವಾರ ನೋಡಿ.

ಮೊದಲೇ ಏನಾದರೂ ಹೊಸದು ಕೊಳ್ಳಬೇಕು ಅಂತಿದ್ದರೆ ಗೋಡೌನಿಗೆ ಬಾರ್‌ಕೋಡ್ ಸ್ಕ್ಯಾನರ್ ಕೊಳ್ಳಿ. 1 ಚದರ ಮಿ.ಮೀ. ಬದಲು 1.5 ಹೋಗೋದು, ಕೆಂಪಿನ ಬದಲು ಕಪ್ಪು ಹೋಗೋದು ಅದರಿಂದ ತಪ್ಪುತ್ತೆ.

ಅಂಗಡಿ_ಕೌಂಟರ್

ಗೋಲ್ಡ್ ಲೈಸೆನ್ಸ್ ವಿಚಾರ ಯಜಮಾನರ ಹತ್ತಿರ ಮಾತಾಡ್ತೀನಿ. ಕೊನೇ ಪ್ರಶ್ನೆ: ಎಣಿಕೆ. ವರ್ಷಕ್ಕೊಮ್ಮೆ ಮಾರ್ಚ್ 31ಕ್ಕೆ ಎರಡು ದಿನ ಮುಚ್ಚಿ ಎಣಿಸ್ತೀವಿ. ಸಾಲದಾ?

ಉಗ್ರಾಣ_ಲೆಕ್ಕ

ಸಾಲದು ಸರ್. ಮಾರ್ಚ್‌ನಲ್ಲಿ ಸಿಕ್ಕ ವ್ಯತ್ಯಾಸ ಯಾವ ತಿಂಗಳದ್ದು ಅಂತ ಗೊತ್ತಾಗೋದಿಲ್ಲ, ಕಾರಣ ಹುಡುಕೋಕಾಗಲ್ಲ. ಮೇಲಿನ 140 ಐಟಂ 12 ಕೆಲಸದ ದಿನಕ್ಕೊಮ್ಮೆ, ನಡುವಿನ 350 ಮೂರು ತಿಂಗಳಿಗೊಮ್ಮೆ, ಉಳಿದ 910 ಆರು ತಿಂಗಳಿಗೊಮ್ಮೆ ಅಂತ ಹಂಚಿದರೆ ದಿನಕ್ಕೆ ಬರೋದು ಸುಮಾರು 22 ಐಟಂ. ಬೆಳಗ್ಗೆ ಮೊದಲ ಗಾಡಿ ಲೋಡ್ ಆಗೋ ಮುಂಚೆ, ಹಿಂದಿನ ದಿನದ ಎಂಟ್ರಿಗಳೆಲ್ಲ ಮುಗಿದ ಮೇಲೆ ಎಣಿಸಿ. ಎಣಿಸೋ ಕಾಗದದಲ್ಲಿ ಐಟಂ ಹೆಸರು ಮಾತ್ರ ಇರಲಿ, ಕಂಪ್ಯೂಟರ್ ಅಂಕಿ ಇರಬಾರದು. ಅಂಕಿ ಕಂಡರೆ ಕೈ ಅದನ್ನೇ ಬರೆಯುತ್ತೆ. ಮಾಲು ಕೊಡೋ ಹುಡುಗನೇ ಎಣಿಸಬಾರದು, ಅಂಗಡಿಯಿಂದ ಒಬ್ಬರು ವಾರಕ್ಕೆರಡು ದಿನ ಹೋಗಲಿ.

ವ್ಯತ್ಯಾಸ ಸಿಕ್ಕ ಕೂಡಲೇ ಫಿಸಿಕಲ್ ಸ್ಟಾಕ್ ವೋಚರ್ ಹಾಕಿ ಸಮ ಮಾಡಿಬಿಡಬೇಡಿ, ಕಾರಣ ಅಲ್ಲೇ ಮುಚ್ಚಿಹೋಗುತ್ತೆ. ಮೊದಲು ಹಿಂದಿನ 12 ದಿನದ ಎಂಟ್ರಿ ನೋಡಿ. ಆಮೇಲೂ ಉಳಿದರೆ ಸ್ಟಾಕ್ ಜರ್ನಲ್‌ನಲ್ಲಿ ಒಡೆದದ್ದು, ಕತ್ತರಿಸಿ ಉಳಿದ ತುಂಡು, ಅಳತೆ ತಪ್ಪು, ಕಾಣೆ ಅಂತ ಕಾರಣ ಬರೆದು ತೆಗೆಯಿರಿ. ಕಾಣೆಯಾದ, ಹಾಳಾದ ಮಾಲಿನ ಮೇಲೆ ತಗೊಂಡ ಐಟಿಸಿಯನ್ನ (ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯ ಜಮಾ) ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)ರ ಪ್ರಕಾರ ಹಿಂತಿರುಗಿಸಬೇಕು, ಹಾಗಾಗಿ ಆ ಪಟ್ಟಿ ತಿಂಗಳ ಕೊನೆಗೆ ಆಡಿಟರ್ ಕೈಗೆ ಹೋಗಲಿ. 22 ಐಟಂ ಎಣಿಸಿದ್ದರಲ್ಲಿ ಎಷ್ಟು ಸರಿ ಇತ್ತು ಅಂತ ದಿನಾ ಒಂದು ಅಂಕಿ ಗೋಡೌನ್ ಬೋರ್ಡಿನ ಮೇಲೆ ಬರೆಸಿ. ಮೊದಲ ವಾರ 12 ಸರಿ ಬಂದರೂ ಗಾಬರಿ ಬೇಡ. 21ಕ್ಕೆ ಬಂದು ಒಂದು ತಿಂಗಳು ಅಲ್ಲೇ ನಿಂತ ಮೇಲೆ ಆ ಡ್ಯಾಶ್‌ಬೋರ್ಡಿನವರಿಗೆ ಫೋನ್ ಮಾಡಬಹುದು.